ನಾಲ್ಕು ಹುಂಜಗಳ ಹಾಜರಿ

ಜುಲೈ 3, ಬುಧವಾರ

ಇಂದು ಬೆಳಗ್ಗೆ ಒಂಬತ್ತು ಗಂಟೆಗೆ ನೆರೆಮನೆಯ ಸುಂಚಾಂಗಮ್ಮ ಎರಡೂ ಮೊಣಕಾಲುಗಳ ಶಸ್ತ್ರಚಿಕಿತ್ಸೆಗಾಗಿ ಗ್ವಾಂಗ್ಜು ನಗರದ ಆಸ್ಪತ್ರೆಗೆ ಹೊರಟರು. ಸುಂಚಾಂಗ್ ಊರಿನಿಂದ ಸೊಸೆಯಾಗಿ ಬಂದವರೆಂದು ಊರು ಅವರಿಗೆ ಕೊಟ್ಟ ಹೆಸರು ಅದು. ವ್ಯಾನು ಹತ್ತುವ ಮೊದಲು ಅವರು ಒಂಬತ್ತು ಹೇಂಟೆಗಳನ್ನೂ ನಾಲ್ಕು ಹುಂಜಗಳನ್ನೂ ಆರು ವಾರಗಳ ಮಟ್ಟಿಗೆ ನನ್ನ ವಶಕ್ಕೆ ಒಪ್ಪಿಸಿದರು.

"ಟೀಚರಮ್ಮ, ನಾನು ವಾಪಸ್ ಬರೋವಾಗ ನಾಲ್ಕೂ ಹುಂಜ ಇರ್ಬೇಕು. ಬೊಕ್ ದಿನ ಬಂತು, ಕೋಳಿ ಬೇಯಿಸ್ಬೇಕು ಅಂತ ಸಂಘದೋರು ಹಂಡೆ ಉರುಳಿಸ್ಕೊಂಡು ಬರ್ತಾರೆ. ಕೊಡ್ಬೇಡಿ."

"ಕೊಟ್ಟ ಮಾತಿಗೆ ನಾನು ತಪ್ಪಿದ್ದನ್ನು ನೀವು ಕಂಡಿದ್ದೀರಾ?"

"ಇಲ್ಲ. ಅದಕ್ಕೇ ನಿಮ್ಮ ಕೈಗೆ ಕೊಡ್ತಿರೋದು. ಇನ್ನೊಂದ್ ಮಾತು. ಅವು ಕಚ್ಚಾಡಿದ್ರೆ ನೀವು ನಡುವೆ ಹೋಗ್ಬೇಡಿ."

ಮೂವತ್ತೊಂಬತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಜಗಳ ಬಿಡಿಸಿದವಳಿಗೆ ಹೇಳುವ ಮಾತೇ ಇದು?

ನಾಲ್ಕೂ ಒಂದೇ ಕಾವಿನ ಮರಿಗಳು. ಕಳೆದ ವರ್ಷದ ಮಾರ್ಚ್ ಚಳಿಯಲ್ಲಿ ಕಾವಿಗೆ ಕೂತಿದ್ದ ಹೇಂಟೆ ಸತ್ತಾಗ ಸುಂಚಾಂಗಮ್ಮ ಮೊಟ್ಟೆಗಳನ್ನು ವಿದ್ಯುತ್ ಕಂಬಳಿಯಲ್ಲಿ ಸುತ್ತಿ ತಮ್ಮ ಹಾಸಿಗೆಯ ಪಕ್ಕದಲ್ಲಿಯೇ ಮರಿ ಮಾಡಿಸಿದ್ದರು. ಬದುಕಿದ ನಾಲ್ಕೂ ಹುಂಜಗಳಾದವು. ತಾವು ಬಯ್ಯಬೇಕೆಂದಿರುವವರ ಹೆಸರುಗಳನ್ನೇ ಅವುಗಳಿಗೆ ಇಟ್ಟಿದ್ದಾರೆ: ಯಜಮಾನ (ತೀರಿಕೊಂಡ ಗಂಡ), ಮೈದುನ, ಅಂಚೆಯವ. ಎಲ್ಲಕ್ಕಿಂತ ತಡವಾಗಿ ಒಡೆದ ಮೊಟ್ಟೆಯದು ಕಿರಿಯ. "ಯಜಮಾನ್ರು ಇವತ್ತೂ ಸೋಮಾರಿ" ಎಂದು ಬೆಳಗ್ಗೆ ಗಟ್ಟಿಯಾಗಿ ಬಯ್ದರೂ ಯಾರೂ ತಪ್ಪು ಹಿಡಿಯುವಂತಿಲ್ಲವಂತೆ. ಹುಂಜಕ್ಕೆ ಗೌರವದ ಬಹುವಚನ ಸಲ್ಲದೆಂದು ನಾನು ಹಲವು ಸಲ ತಿದ್ದಿದ್ದೇನೆ.

ನಾನು ಈ ಹೆಸರುಗಳನ್ನು ಬಳಸುವುದಿಲ್ಲ. ಅದೇ ಕ್ರಮದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಸಂಖ್ಯೆ ಕೊಟ್ಟು, ಕಾಲುಗಳಿಗೆ ಕೆಂಪು, ನೀಲಿ, ಹಳದಿ, ಬಿಳಿ ಬಟ್ಟೆಯ ಪಟ್ಟಿಗಳನ್ನು ಕಟ್ಟಿದ್ದೇನೆ. ಸಂಜೆಯ ಹಾಜರಿ: ಹದಿಮೂರು.

ಜುಲೈ 6, ಶನಿವಾರ

ಹಾಜರಿ: ಹದಿಮೂರು. ಶಿಸ್ತು: ಅತೃಪ್ತಿಕರ.

ಒಂದನೆಯದು ಅಂಗಳದ ಸರ್ವಾಧಿಕಾರಿಯಂತೆ ವರ್ತಿಸುತ್ತದೆ. ಕಾಳು ಚೆಲ್ಲಿದೊಡನೆ ಅದೇ ಮೊದಲು ಬರಬೇಕು. ನಾಲ್ಕನೆಯದು ಹತ್ತಿರ ಸುಳಿದರೆ ಕುತ್ತಿಗೆಗೆ ಕುಟುಕಿ ಓಡಿಸುತ್ತದೆ. ನಾಲ್ಕನೆಯದು ಬೇಲಿಯ ಪಕ್ಕ ನಿಂತು ಎಲ್ಲರೂ ತಿಂದು ಮುಗಿಸುವವರೆಗೆ ಕಾಯುತ್ತದೆ. ಹಸಿದವನನ್ನು ಕಾಯಿಸಿ ಉಣ್ಣುವುದನ್ನು ನನ್ನ ತರಗತಿಯಲ್ಲಿ ನಾನೆಂದೂ ಸಹಿಸಿದವಳಲ್ಲ. ಒಂದನೆಯದನ್ನು ಹಿಡಿದು ಬಿದಿರಿನ ಮಂಕರಿಯ ಅಡಿಯಲ್ಲಿ ಮುಚ್ಚಿ, ಮೇಲೆ ಬೀಸುಗಲ್ಲು ಹೇರಿ, ಮನೆಯ ಹಿಂಬದಿಗೆ ಇಟ್ಟಿದ್ದೇನೆ. ಮೂರು ದಿನಗಳ ಶಿಕ್ಷೆ.

ಜುಲೈ 9, ಮಂಗಳವಾರ

ಶಿಕ್ಷೆ ಮುಗಿಸಿ ಒಂದನೆಯದನ್ನು ಅಂಗಳಕ್ಕೆ ಬಿಟ್ಟೆ. ಎರಡನೆಯದು ಅದರ ಮೇಲೆ ಎರಗಿತು. ಎರಡೂ ಕತ್ತಿನ ಗರಿಗಳನ್ನು ಕೊಡೆಯಂತೆ ಬಿಚ್ಚಿ, ಎದೆಗೆ ಎದೆ ಕೊಟ್ಟು ಹಾರಿ, ಕಾಲಿನ ಮುಳ್ಳುಗಳಿಂದ ಹೊಡೆದುಕೊಂಡವು. ಮಳೆಗಾಲದ ಕೆಸರಿನಲ್ಲಿ ಯಾವುದು ಯಾವುದೆಂದು ಗುರುತಿಸುವುದೇ ಕಷ್ಟವಾಯಿತು. ನಾನು ಪೊರಕೆ ಹಿಡಿದು ನಡುವೆ ನುಗ್ಗಿ ಬೇರ್ಪಡಿಸಿದೆ. ನನ್ನ ಮೊಣಕೈಗೆ ಒಂದು ಮುಳ್ಳು ತಗುಲಿದೆ, ಗಾಯ ಆಳವಲ್ಲ.

ಪರಿಹಾರವನ್ನು ಕಂಡುಕೊಂಡಿದ್ದೇನೆ. ನಾಲ್ಕಕ್ಕೂ ಸಮಾನ ಅವಕಾಶ ದೊರೆಯುವಂತೆ ವೇಳಾಪಟ್ಟಿಯೊಂದನ್ನು ರಚಿಸಿದ್ದೇನೆ. ದಿನಕ್ಕೊಂದು ಹುಂಜ ಹೇಂಟೆಗಳೊಂದಿಗೆ ಅಂಗಳದಲ್ಲಿ ಇರತಕ್ಕದ್ದು. ಉಳಿದ ಮೂರು ಹಿಂಬದಿಯಲ್ಲಿ, ಬೇರೆ ಬೇರೆ ಮಂಕರಿಗಳ ಅಡಿಯಲ್ಲಿ. ಸಂಜೆ ಒಂದು ಗಂಟೆ ಮಾತ್ರ ನಾಲ್ಕೂ ಒಟ್ಟಿಗೆ, ನನ್ನ ಮೇಲ್ವಿಚಾರಣೆಯಲ್ಲಿ. ಪಟ್ಟಿಯನ್ನು ಗೂಡಿನ ಬಾಗಿಲಿಗೆ ಅಂಟಿಸಿದೆ. ಅಕ್ಷರಗಳು ಅಂದವಾಗಿ ಬಂದಿವೆ.

ಜುಲೈ 12, ಶುಕ್ರವಾರ

ಸಂಜೆಯ ಒಂದು ಗಂಟೆ ಇಂದೂ ಯುದ್ಧವಾಯಿತು. ಪೊರಕೆಯ ಹಿಡಿ ಮುರಿದಿದೆ.

ಜುಲೈ 15, ಸೋಮವಾರ. ಮೊದಲ ಬೊಕ್

ಸೆಖೆಗಾಲದ ಮೂರು ಬೊಕ್ ದಿನಗಳಲ್ಲಿ, ಊರವರೆಲ್ಲ ಸೇರುವ ಊರಮನೆಯಲ್ಲಿ, ಎಲ್ಲರಿಗೂ ಕೋಳಿ ಬೇಯಿಸುವುದು ಮಹಿಳಾ ಸಂಘದ ಹೊಣೆ. ಬೆಳಗ್ಗೆ ಊರಿನ ಮುಖಂಡರು ಧ್ವನಿವರ್ಧಕದಲ್ಲಿ ಎರಡು ತಪ್ಪುಗಳಿರುವ ಪ್ರಕಟಣೆಯನ್ನು ಓದಿದ ಬಳಿಕ ಸಂಘದ ಅಧ್ಯಕ್ಷೆ ಪ್ಯೋ ಮಾಲ್ಜಾ ಖಾಲಿ ಗೋಣಿಯೊಂದಿಗೆ ಬಂದಳು. ಬೇಲಿಯ ಮೇಲಿಂದ ಇಣುಕಿ ಹೇಂಟೆಗಳನ್ನು ಎಣಿಸಿದಳು.

"ಒಂಬತ್ತು ಹೆಂಗಸರಿಗೆ ನಾಲ್ಕು ಗಂಡಸರಾ! ನಮ್ಮ ಊರಮನೇಲಿ ಇಪ್ಪತ್ತೆರಡು ಹೆಂಗಸರಿಗೆ ಮೂರೇ ಜನ ಗಂಡಸರು, ಟೀಚರಮ್ಮ, ಅದ್ರಲ್ಲಿ ಒಬ್ರಿಗೆ ಕಿವಿ ಕೇಳ್ಸಲ್ಲ. ಮೂರನ್ನ ಕೊಟ್ಬಿಡಿ. ನಿಮ್ಗೂ ನೆಮ್ಮದಿ, ನಮ್ಗೂ ಸಾರು."

"ಅವು ನನ್ನವಲ್ಲ. ನನ್ನಲ್ಲಿ ಇಟ್ಟವು."

"ಬೆನ್ನು ನೋಡಿ ಆ ಹೇಂಟೆಗಳ್ದು, ಬೋಳು! ದಿನಕ್ಕೊಬ್ಬ ಹೊಸ ಮದುಮಗ ಬಂದ್ರೆ ಇನ್ನೇನಾಗತ್ತೆ?" ಬಾಗಿಲಿಗೆ ಅಂಟಿಸಿದ ಪಟ್ಟಿಯನ್ನು ಕಂಡು ಅವಳು ನಕ್ಕ ನಗು ಕೆಳಗಿನ ಗದ್ದೆಯವರೆಗೂ ಕೇಳಿಸಿರಬೇಕು.

ಕೊಡಲಿಲ್ಲ. ಆದರೆ ಹೇಂಟೆಗಳ ಬೆನ್ನಿನ ವಿಷಯದಲ್ಲಿ ಅವಳು ಹೇಳಿದ್ದು ನಿಜ. ಐದರ ಬೆನ್ನು ಬರಿದಾಗಿದೆ.

ಜುಲೈ 18, ಗುರುವಾರ



ಬೆಳಗ್ಗೆ ಗುಡ್ಡದ ನೀರು ಒಮ್ಮೆಲೇ ಹಿಂಬದಿಗೆ ನುಗ್ಗಿತು. ಮಂಕರಿಗಳ ಅಡಿಯಲ್ಲಿ ಹುಂಜಗಳು ಮುಳುಗುವಂತಾಯಿತು. ಬೇರೆ ದಾರಿ ಕಾಣದೆ ಎಲ್ಲವನ್ನೂ ಎತ್ತಿ ಹೇಂಟೆಗಳಿರುವ ಗೂಡಿನೊಳಗೆ ಬಿಟ್ಟು, ನೀರಿಗೆ ಕಾಲುವೆ ಕಡಿಯಲು ಗುದ್ದಲಿ ಹಿಡಿದು ಹೋದೆ. ಹದಿನೈದು ನಿಮಿಷ ಆಗಿರಬಹುದು. ಮರಳಿ ಬಂದಾಗ ಎರಡನೆಯದು ನಾಲ್ಕನೆಯದನ್ನು ಮೂಲೆಗೆ ಒತ್ತಿಕೊಂಡು ತಲೆಯನ್ನೇ ಕುಟುಕುತ್ತಿತ್ತು. ಅದು ಓಡಲು ಯತ್ನಿಸುತ್ತಲೂ ಇರಲಿಲ್ಲ. ತಲೆಯನ್ನು ಗೋಡೆಯ ಬಿರುಕಿಗೆ ತೂರಿಸಿ ನಿಂತಿತ್ತು.

ಜುಟ್ಟು ಹರಿದಿದೆ. ಎಡಗಣ್ಣು ಹೋಗಿದೆ.

ಉಪ್ಪುನೀರಿನಲ್ಲಿ ತೊಳೆದು, ಕಂದು ಅಯೋಡಿನ್ ಔಷಧ ಹಚ್ಚಿ, ಸೇಬಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲು ಹಾಸಿ ಮಲಗಿಸಿದ್ದೇನೆ. ಪೆಟ್ಟಿಗೆ ನನ್ನ ಜಗಲಿಯ ಮೇಲಿದೆ. ಹಾಜರಿ: ಅಂಗಳದಲ್ಲಿ ಹನ್ನೆರಡು.

ಜುಲೈ 19, ಶುಕ್ರವಾರ

ನೀರು ಕುಡಿಯಿತು.

ಜುಲೈ 21, ಭಾನುವಾರ

ನಾಲ್ಕನೆಯವನು ಇಂದು ನನ್ನ ಅಂಗೈಯಿಂದ ಬೆಂದ ಬಾರ್ಲಿಯನ್ನು ತಿಂದ. ಕಾಣದ ಬದಿಯಿಂದ ಕೈ ಚಾಚಿದರೆ ಬೆಚ್ಚುತ್ತಾನೆ. ಆದ್ದರಿಂದ ಬಲಬದಿಯಲ್ಲಿ ಕುಳಿತು, ಮೊದಲು ಮಾತನಾಡಿಸಿ, ಆಮೇಲೆ ಕೈ ಚಾಚುತ್ತೇನೆ.

ಹತ್ತು ಗಂಟೆಗೆ ಗ್ವಾಂಗ್ಜುವಿನಿಂದ ಫೋನು ಬಂತು.

"ಟೀಚರಮ್ಮ, ಎರಡು ಕಾಲಿಗೂ ಕಬ್ಬಿಣ ಹಾಕಿದಾರೆ. ಇನ್ಮೇಲೆ ನನ್ನ ಮೊಣಕಾಲು ನನಗಿಂತ ಜಾಸ್ತಿ ದಿನ ಬಾಳ್ತವೆ. ಇರ್ಲಿ. ನಾಲ್ಕೂ ಹೇಗಿವೆ?"

"ಚೆನ್ನಾಗಿವೆ."

"ಫೋನು ಸ್ವಲ್ಪ ಹೊರಗೆ ಹಿಡೀರಿ. ಕೂಗು ಕೇಳಿ ತುಂಬಾ ದಿನ ಆಯ್ತು."

ಹಿಡಿದೆ. ಯಜಮಾನ ಕೂಗಿತು, ಆಮೇಲೆ ಉಳಿದೆರಡು. ಜಗಲಿಯ ಪೆಟ್ಟಿಗೆಯಲ್ಲಿ ಸದ್ದಿಲ್ಲ.

"ಮೂರೇ ಕೇಳ್ತು. ಕಿರಿಯ ಎಲ್ಲಿ?"

"ನಿದ್ದೆ ಮಾಡುತ್ತಿದ್ದಾನೆ."

"ಬೆಳಗ್ಗೆ ಹತ್ತು ಗಂಟೆಗಾ?"

"ಸೆಖೆ ಹೆಚ್ಚು" ಎಂದೆ.

ನಾನು ಸುಳ್ಳು ಹೇಳಿದೆನೆಂದು ಇಲ್ಲಿ ದಾಖಲಿಸುತ್ತಿದ್ದೇನೆ. ಆಸ್ಪತ್ರೆಯ ಹಾಸಿಗೆಯಲ್ಲಿರುವವರನ್ನು ಕಳವಳಕ್ಕೆ ಗುರಿಮಾಡಬಾರದೆಂಬ ಸದುದ್ದೇಶದಿಂದ. ಆದರೂ ಸುಳ್ಳು ಸುಳ್ಳೇ.

ಜುಲೈ 24, ಬುಧವಾರ

ಗಾಯ ಒಣಗುತ್ತಿದೆ. ಪರೀಕ್ಷಿಸಲೆಂದು ಅವನನ್ನು ಅಂಗಳಕ್ಕೆ ಇಳಿಸಿದೆ. ಎರಡನೆಯದು ಅಂಗಳದ ಆ ತುದಿಯಿಂದಲೇ ಕಂಡು, ರೆಕ್ಕೆ ಕೆಳಗೆ ಮಾಡಿ ಓಡಿಬಂತು. ನಾನು ಕಿರಿಯನನ್ನು ಎತ್ತಿ ಎದೆಗವಚಿಕೊಂಡೆ. ಅವನ ಹೃದಯ ನನ್ನ ಬೆರಳುಗಳ ಕೆಳಗೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು.

ಇನ್ನು ಸಾಕು. ಒಬ್ಬ ದುಷ್ಟನಿಗಾಗಿ ಮೂವರನ್ನು ಕಳೆದುಕೊಳ್ಳಲಾಗದು. ನಾಲ್ಕೂ ಉಳಿಯಬೇಕೆಂಬುದು ಮಾತು. ಮೂರಾದರೂ ಉಳಿಯಲೆಂಬುದು ವಿವೇಕ. ನಾಳೆ ನಡುವಿನ ಬೊಕ್.

ಜುಲೈ 25, ಗುರುವಾರ. ನಡುವಿನ ಬೊಕ್

ಎರಡನೆಯದನ್ನು ಗೋಣಿಗೆ ತುಂಬಿ, ಬಾಯಿ ಕಟ್ಟಿ, ಊರಮನೆಗೆ ಹೊತ್ತೊಯ್ದೆ. ಕಬ್ಬಿಣದ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಒಲೆಗೆ ಸೌದೆ ಹಾಕುತ್ತಿದ್ದವನು ಛೆ ಗಿಲ್‌ನಾಮ್. ಟಿಲ್ಲರು ದುರಸ್ತಿಯವನು, ನನ್ನ ಹಳೆಯ ವಿದ್ಯಾರ್ಥಿ. ತನ್ನ ಪರ್ಸಿಮನ್ ಹಣ್ಣಿನ ತೋಪಿನ ಹಿಂದೆ ಮೂವತ್ತು ಹೇಂಟೆಗಳನ್ನೂ ಮೂರು ಹುಂಜಗಳನ್ನೂ ಸಾಕಿದ್ದಾನೆ. ಅವನು ಎದ್ದುನಿಂತು ತಲೆಬಾಗಿಸಿ ನಮಸ್ಕರಿಸಿದ.

"ಯಾವುದು ಟೀಚರ್?"

"ಎರಡನೆಯದು. ಅದೇ ಅಪರಾಧಿ."

"ಮೈದುನಾನಾ?" ಅವನು ಗೋಣಿಯ ಬಾಯಿ ಬಿಚ್ಚಿ ಒಳಗೆ ನೋಡಿದ. "ವರ್ಷದಿಂದ ಸುಮ್ನಿದ್ನಲ್ಲ ಇವ್ನು. ಯಾವಾಗಿಂದ ಶುರುವಾಯ್ತು?"

"ಅಯ್ಯೋ ಗಿಲ್‌ನಾಮಾ, ನೀರು ಕುದೀತಿದೆ. ವಿಚಾರಣೆ ಆಮೇಲೆ ಮಾಡ್ಕೋ, ಮೊದ್ಲು ಶಿಕ್ಷೆ ಆಗ್ಲಿ" ಎಂದಳು ಮಾಲ್ಜಾ, ಚಾಕು ಒರೆಸಿಕೊಳ್ಳುತ್ತ.

ನಾನು ನಡೆದದ್ದನ್ನು ಕ್ರಮವಾಗಿ ವಿವರಿಸಿದೆ: ಒಂದನೆಯದಕ್ಕೆ ಮೂರು ದಿನಗಳ ಶಿಕ್ಷೆ, ವೇಳಾಪಟ್ಟಿ, ಜಗಲಿಯ ಪೆಟ್ಟಿಗೆ. ಗಿಲ್‌ನಾಮ್ ನಗುವನೆಂದು ಕಾದೆ. ನಗಲಿಲ್ಲ.

"ಟೀಚರ್, ಹುಂಜ ಕೆಲವು ದಿನ ಕಣ್ಣಿಂದ ಮರೆಯಾದ್ರೆ ವಾಪಸ್ ಬರೋವಾಗ ಅದು ಹೊಸಬ. ಮೊದ್ಲಿಂದ ಹೊಡೆದಾಡಿ ಜಾಗ ಮಾಡ್ಕೋಬೇಕು. ಅವ್ರವ್ರ ಜಾಗ ಅವ್ರಿಗೆ ಗೊತ್ತಿತ್ತು. ಈಗ ನೀವು ದಿನಾ ಒಬ್ಬ ಹೊಸಬನ್ನ ಒಳಗೆ ಕಳಿಸ್ತಿದ್ದೀರಿ."

"ಪೆಟ್ಟು ತಿಂದವನನ್ನು ಅಲ್ಲಿಯೇ ಬಿಡಬೇಕಿತ್ತೇ?"

ಅವನು ಕೂತು ಒಲೆಯೊಳಗೆ ಸೌದೆಯನ್ನು ಸರಿಪಡಿಸಿದ. ಬೆಂಕಿಯನ್ನು ನೋಡುತ್ತಲೇ ಹೇಳಿದ: "ನನ್ನೂ ಹೀಗೇ ಎತ್ಕೊಂಡು ಹೋಗಿದ್ರಿ ಟೀಚರ್. ನಾಲ್ಕನೇ ಕ್ಲಾಸಲ್ಲಿ. ಟೀಚರ್ಸ್ ರೂಮಲ್ಲಿ ನಿಮ್ಮ ಮೇಜಿನ ಪಕ್ಕ ಕೂರಿಸ್ಕೊಂಡು ಊಟ ಮಾಡಿಸ್ತಿದ್ರಿ."

"ಅವರು ನಿನ್ನನ್ನು ಹೊಡೆಯುತ್ತಿದ್ದರು. ನಿನ್ನ ಬುತ್ತಿಯನ್ನು ಚರಂಡಿಗೆ ಚೆಲ್ಲುತ್ತಿದ್ದರು."

"ಹೌದು. ಆ ಒಂದ್ ತಿಂಗ್ಳು ಯಾರೂ ಹೊಡೀಲಿಲ್ಲ. ನಿಮ್ಮ ಬುತ್ತೀಲಿ ಮೊಟ್ಟೆ ಇರ್ತಿತ್ತು, ನನಗೇ ಕೊಡ್ತಿದ್ರಿ. ಆಮೇಲೆ ವಾಪಸ್ ಕಳಿಸಿದ್ರಿ." ಸೌದೆಯೊಂದು ಸಿಡಿಯಿತು. "ಆರನೇ ಕ್ಲಾಸು ಮುಗಿಯೋವರೆಗೂ ಒಬ್ಬನೇ ಉಂಡೆ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾಳೆ ಮಳೆ ಬರಬಹುದು ಎನ್ನುವವನಂತೆ ಹೇಳಿದ. ಮಾಲ್ಜಾ ಕೂಡ ಚಾಕುವನ್ನು ಕೆಳಗಿಟ್ಟಳು.

ಅವನ ನೆನಪು ತಪ್ಪು. ಒಂದು ತಿಂಗಳಲ್ಲ, ಮೂರು ವಾರ. ನಿಖರವಲ್ಲದ್ದನ್ನು ಹತ್ತು ಜನರ ಎದುರು ಹೇಳುವುದು ಸರಿಯಲ್ಲ. ಅದನ್ನು ಅಲ್ಲಿಯೇ ಹೇಳಬೇಕಿತ್ತು, ಏಕೋ ಹೇಳಲಿಲ್ಲ. ಗೋಣಿಯ ಬಾಯಿಯನ್ನು ಮತ್ತೆ ಕಟ್ಟಿದೆ. ಅದನ್ನು ಅವನೇ ಹೆಗಲಿಗೇರಿಸಿ ನನ್ನ ಹಿಂದೆ ಮನೆಯವರೆಗೂ ಬಂದ. ದಾರಿಯುದ್ದಕ್ಕೂ ಮೈದುನ ಗೋಣಿಯೊಳಗಿಂದ ಗೊಣಗುಟ್ಟುತ್ತಿತ್ತು.

ಜುಲೈ 26, ಶುಕ್ರವಾರ

ಅಟ್ಟದಿಂದ ಹಳೆಯ ತರಗತಿ ದಿನಚರಿಗಳ ಕಟ್ಟನ್ನು ಇಳಿಸಿದೆ. 1979, ನಾಲ್ಕನೆಯ ತರಗತಿ, ಶಿಕ್ಷಕಿ ದೊ ಯುನ್‌ರ್ಯೆ, ಅಂದರೆ ನಾನು. ಅಕ್ಷರಗಳು ಆಗಲೂ ಅಂದವಾಗಿಯೇ ಇದ್ದವು.

ಮೂರು ವಾರವಲ್ಲ. ನಲವತ್ತೊಂದು ದಿನ. ನಿನ್ನೆ ಬರೆದದ್ದನ್ನು ನಿಖರತೆಯ ದೃಷ್ಟಿಯಿಂದ ತಿದ್ದುತ್ತಿದ್ದೇನೆ.

ನಲವತ್ತೆರಡನೆಯ ದಿನದ ಪುಟದಲ್ಲಿ, "ಛೆ ಗಿಲ್‌ನಾಮ್ ತರಗತಿಗೆ ಮರಳಿದ. ಸಮಸ್ಯೆ ಬಗೆಹರಿದಿದೆ" ಎಂದು ಬರೆದಿದ್ದೇನೆ. ಆಮೇಲೆ ಆ ವರ್ಷದ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ.

ಜುಲೈ 30, ಮಂಗಳವಾರ

ಗಿಲ್‌ನಾಮ್ ಎರಡು ದಿನಗಳಿಂದ ಬಂದು ಸುಂಚಾಂಗಮ್ಮನ ಹಳೆಯ ಹಂದಿ ಕೊಟ್ಟಿಗೆಯನ್ನು ದುರಸ್ತಿ ಮಾಡುತ್ತಿದ್ದಾನೆ. ಅದು ಮನೆಯ ಆ ಬದಿಯಲ್ಲಿದೆ. ಅಲ್ಲಿಂದ ಹೇಂಟೆಗಳು ಕಾಣುವುದಿಲ್ಲ. ಹೇಂಟೆ ಕಣ್ಣಿಗೆ ಬೀಳದಿದ್ದರೆ ಹುಂಜಗಳಿಗೆ ಜಗಳಕ್ಕೆ ಅರ್ಧ ಕಾರಣ ಇಲ್ಲವಾಗುತ್ತದೆ ಎನ್ನುತ್ತಾನೆ. ನಾಲ್ಕನ್ನೂ ಒಟ್ಟಿಗೆ, ಒಂದೇ ಸಲ, ಯಾರಿಗೂ ಪರಿಚಿತವಲ್ಲದ ಆ ಜಾಗಕ್ಕೆ ಬಿಡಬೇಕಂತೆ. ನಾಲ್ಕು ಕಡೆ ಕಾಳಿನ ಬಟ್ಟಲು, ಅಡಗಿಕೊಳ್ಳಲು ಅಡ್ಡ ಹಲಗೆಗಳು, ಎತ್ತರದಲ್ಲಿ ಕೂರಲು ಎರಡು ಕೋಲುಗಳು.

"ಕಿರಿಯನನ್ನೂ?" ಎಂದು ಕೇಳಿದೆ.

"ಅವನನ್ನೂ."

"ಅವನಿಗೆ ಒಂದೇ ಕಣ್ಣು."

"ಅದಕ್ಕೇ ಟೀಚರ್. ಇನ್ನೂ ತಡ ಮಾಡಿದ್ರೆ ನಿಮ್ಮ ಜಗಲಿ ಬಿಟ್ಟು ಎಲ್ಲೂ ಬದುಕಲ್ಲ."

ನಾನು ಒಪ್ಪಿಗೆ ಕೊಟ್ಟಿಲ್ಲ.

ಆಗಸ್ಟ್ 1, ಗುರುವಾರ

ಬೆಳಗ್ಗೆ ಆರಕ್ಕೆ ಗಿಲ್‌ನಾಮ್ ಜಡೆಯಂತೆ ಹೆಣೆದ ಎರಡು ಕಟ್ಟು ಬೆಳ್ಳುಳ್ಳಿಯನ್ನೂ ಕೂರಲು ಒಂದು ಗಿಡ್ಡ ಕುಕ್ಕುಮಣೆಯನ್ನೂ ಹಿಡಿದು ಬಂದ. ಕುಕ್ಕುಮಣೆಯನ್ನು ಕೊಟ್ಟಿಗೆಯ ಬಾಗಿಲಿನ ಮುಂದೆ ಇಟ್ಟು, ಬೆಳ್ಳುಳ್ಳಿಯನ್ನು ನನ್ನ ಮಡಿಲಿಗೆ ಹಾಕಿದ.

"ಸಿಪ್ಪೆ ಬಿಡಿಸ್ತಾ ಕೂತಿರಿ ಟೀಚರ್. ಕೊನೆಯ ಬೊಕ್‌ಗೆ ಹೇಗೂ ಬೇಕು. ಎರಡೂ ಜಡೆ ಮುಗಿಯೋವರೆಗೂ ಏಳೋ ಹಾಗಿಲ್ಲ."

"ನನಗೇ ಶಿಕ್ಷೆಯೇ?"

"ಕೈ ಮೇಲೆತ್ತಿ ಮೊಣಕಾಲೂರಿ ಕೂರಿ ಅಂತ ಹೇಳ್ಲಿಲ್ವಲ್ಲ" ಎಂದ. ಅವನು ಹಲ್ಲು ಬಿಟ್ಟು ನಕ್ಕದ್ದನ್ನು ನಾನು ಬಹಳ ವರ್ಷಗಳ ಬಳಿಕ ಕಂಡೆ.

ನಾನು ತಲೆಯಾಡಿಸಿ ಮಣೆಯ ಮೇಲೆ ಕೂತೆ. ಅವನು ನಾಲ್ಕನ್ನೂ ಒಳಗೆ ಬಿಟ್ಟು ಅಗುಳಿ ಹಾಕಿದ.

ಅರ್ಧ ನಿಮಿಷ ಯಾವುದೂ ಅಲುಗಲಿಲ್ಲ. ಆಮೇಲೆ ಯಜಮಾನ ಮತ್ತು ಮೈದುನ ಒಂದರ ಮೇಲೊಂದು ಹಾರಿದವು. ಗರಿಗಳು ಸೂರಿನವರೆಗೆ ಎದ್ದವು. ಮುಳ್ಳು ಹಲಗೆಗೆ ಬಡಿದ ಸದ್ದು ಕೋಲಿನಿಂದ ಮೇಜು ಕುಟ್ಟಿದಂತೆ ಕೇಳಿಸಿತು. ನನ್ನ ಉಗುರು ಬೆಳ್ಳುಳ್ಳಿಯ ಎಸಳನ್ನೇ ಸೀಳಿತು. ಹತ್ತನೆಯ ಎಸಳಿಗೆ ಯಜಮಾನನ ಜುಟ್ಟಿನಿಂದ ರಕ್ತ ಬಂತು.

"ಗಿಲ್‌ನಾಮ್!"

"ಜುಟ್ಟಿನ ರಕ್ತ ಟೀಚರ್. ಜಾಸ್ತಿ ಕಾಣತ್ತೆ. ಒಬ್ಬ ಬಿದ್ದ ಮೇಲೂ ಇನ್ನೊಬ್ಬ ಬಿಡದಿದ್ರೆ ನಾನೇ ಹೋಗ್ತೀನಿ."

ಎಷ್ಟು ಹೊತ್ತೆಂದು ಹೇಳಲಾರೆ, ಗಡಿಯಾರ ಒಳಗಿತ್ತು. ಮೊದಲ ಜಡೆಯ ಮುಕ್ಕಾಲು ಮುಗಿದಿತ್ತು. ಮೈದುನ ಒಮ್ಮೆಲೇ ಕತ್ತನ್ನು ಇಳಿಸಿ, ಪಕ್ಕಕ್ಕೆ ತಿರುಗಿ, ನೆಲದಲ್ಲಿ ಇಲ್ಲದ ಕಾಳನ್ನು ಹೆಕ್ಕುವವನಂತೆ ನಟಿಸಿತು. ಯಜಮಾನ ಎರಡು ಹೆಜ್ಜೆ ಬೆನ್ನಟ್ಟಿ ನಿಂತಿತು. ಅಷ್ಟೇ.

ಆಗ ಮೈದುನನ ಕಣ್ಣು ಕಿರಿಯನ ಮೇಲೆ ಬಿತ್ತು.

ಕಿರಿಯ ಮೂಲೆಯಲ್ಲಿದ್ದ, ಕುರುಡು ಬದಿ ಈಚೆಗೆ. ಮೈದುನ ಬರುತ್ತಿರುವುದು ಅವನಿಗೆ ಕಾಣುತ್ತಿರಲಿಲ್ಲ. ನಾನು ಎದ್ದೆ. ಬೆಳ್ಳುಳ್ಳಿ ಮಡಿಲಿನಿಂದ ಉರುಳಿತು. ನನ್ನ ಕೈ ಅಗುಳಿಯ ಮೇಲಿತ್ತು.

"ಟೀಚರ್" ಎಂದ ಗಿಲ್‌ನಾಮ್. ಅವನು ನನ್ನನ್ನು ತಡೆಯಲಿಲ್ಲ, ಮುಟ್ಟಲೂ ಇಲ್ಲ. "ಬೆಳ್ಳುಳ್ಳಿ ಬಿದ್ದೋಯ್ತು."

ಮೈದುನ ಕುತ್ತಿಗೆಗೆ ಕುಟುಕಿತು. ಒಮ್ಮೆ. ಎರಡನೆಯ ಸಲ. ಕಿರಿಯ ಗೋಡೆಯ ಕಡೆಗೆ ತಲೆ ತೂರಿಸಲಿಲ್ಲ. ಇಡೀ ಕತ್ತನ್ನು ತಿರುಗಿಸಿ, ಇರುವ ಒಂದು ಕಣ್ಣಿನಿಂದ ನೋಡಿ, ತಲೆಯನ್ನು ನೆಲಕ್ಕೆ ತಗ್ಗಿಸಿ, ಅಡ್ಡ ಹಲಗೆಯ ಕೆಳಗೆ ನುಸುಳಿಕೊಂಡ. ಮೈದುನ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಬೇಸರ ಬಂದಂತೆ ಕಾಳಿನ ಬಟ್ಟಲಿಗೆ ಹೋಯಿತು. ಅಂಚೆಯವ ಈ ಎಲ್ಲದರ ನಡುವೆ ತಿನ್ನುವುದನ್ನು ನಿಲ್ಲಿಸಿಯೇ ಇರಲಿಲ್ಲ.

ನಾನು ಕೂತು ನೆಲದ ಬೆಳ್ಳುಳ್ಳಿಯನ್ನು ಆರಿಸಿದೆ. ಎರಡನೆಯ ಜಡೆ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಮೂವರು ಒಂದೇ ಗುಂಡಿಯಲ್ಲಿ ದೂಳು ಮೀಯುತ್ತಿದ್ದರು. ಕಿರಿಯ ಹಲಗೆಯ ಕೆಳಗಿನಿಂದ ಕೊಕ್ಕು ಮಾತ್ರ ಹೊರಗೆ ಚಾಚಿ ತನ್ನ ಬಟ್ಟಲಿನಿಂದ ತಿನ್ನುತ್ತಿದ್ದ.

ಬೆರಳುಗಳು ಇನ್ನೂ ಉರಿಯುತ್ತಿವೆ.

ಆಗಸ್ಟ್ 2, ಶುಕ್ರವಾರ

ನಾಲ್ಕೂ ಬದುಕಿದ್ದಾರೆ. ಒಳಗೆ ಹೋಗಲಿಲ್ಲ.

ಆಗಸ್ಟ್ 5, ಸೋಮವಾರ

ಜಗಲಿಯ ಪೆಟ್ಟಿಗೆಯನ್ನು ತೊಳೆದು ಒಣಗಿಸಿದೆ. ಬೆಳಗ್ಗೆ ಬಾರ್ಲಿ ಬೇಯಿಸಿ ಅಂಗೈಯಲ್ಲಿ ಹಿಡಿದು ಕೊಟ್ಟಿಗೆಯವರೆಗೂ ಹೋದವಳು, ನಾಲ್ಕು ಬಟ್ಟಲುಗಳಿಗೂ ಸಮನಾಗಿ ಹಾಕಿ ಬಂದೆ. ಕಿರಿಯ ನನ್ನ ಕಡೆಗೆ ಓಡಿಬಂದ. ನಾನು ಬೇಗನೆ ಹೊರಟೆ.

ಸುಂಚಾಂಗಮ್ಮನ ಫೋನು. ನಾಲ್ಕು ಕೂಗು ಕೇಳಿಸಿದೆ. ನಾಲ್ಕನೆಯದರ ದನಿ ಕೊನೆಯಲ್ಲಿ ಒಡೆಯುತ್ತದೆ.

"ಕಿರಿಯನ ದನಿ ಯಾಕೆ ಹಿಂಗಾಗಿದೆ?"

"ಬೆಳೆದಿದ್ದಾನೆ."

ಎರಡನೆಯ ಸುಳ್ಳು. ಅಥವಾ ಅರ್ಧ ಸುಳ್ಳು.

ಆಗಸ್ಟ್ 11, ಭಾನುವಾರ

ಪೂರ್ತಿ ಸಮಾಧಾನವೆನ್ನಲಾಗದು. ನಿನ್ನೆ ಮೈದುನ ಮತ್ತೆ ಕಿರಿಯನ ಬೆನ್ನಿನಿಂದ ಎರಡು ಗರಿ ಕಿತ್ತ. ನಾನು ಬಾಗಿಲಲ್ಲಿ ನಿಂತು ನೂರರವರೆಗೆ ಎಣಿಸಿದೆ. ಅರವತ್ತನಾಲ್ಕಕ್ಕೆ ಯಜಮಾನರು ನಡುವೆ ನಡೆದುಹೋದರು, ಹೊಡೆಯಲಿಲ್ಲ, ಸುಮ್ಮನೆ ನಡೆದರು, ಮೈದುನ ಸರಿದ. ಸಂಜೆ ಕೋಲಿನ ಮೇಲೆ ಮೂವರು. ಕಿರಿಯ ಕೆಳಗಿನ ಕೋಲಿನ ತುದಿಯಲ್ಲಿ. ಆದರೆ ಕೋಲಿನ ಮೇಲೆ.

ಮಾಲ್ಜಾ ದಾರಿಯಲ್ಲಿ ಸಿಕ್ಕಿ ಹೇಳಿದಳು: "ಸುಂಚಾಂಗಕ್ಕ ನಿನ್ನೆ ಫೋನಲ್ಲಿ ಏನಂದ್ರು ಗೊತ್ತಾ? ಕಿರಿಯನ ದನಿ ಕೇಳಿ ಅನುಮಾನ ಬಂದಿದೆ. ಅವನ ಮೈಮೇಲೆ ಒಂದು ಗಾಯ ಕಂಡ್ರೂ, ಮಾಡಿದೋನು ಅವತ್ತೇ ಹಂಡೆಗೆ ಅಂತೆ. ಕೊನೆಯ ಬೊಕ್ ದಿನಾನೇ ಬರ್ತಿದಾರೆ. ನೀರು ಕಾಯ್ಸಿಟ್ಟಿರಿ ಅಂದಿದಾರೆ."

ಬುಧವಾರ ಅವರಿಗೆ ಏನು ಹೇಳಬೇಕೆಂಬುದನ್ನು ಒಂದು 'ವರದಿ'ಯ ರೂಪದಲ್ಲಿ ಸಿದ್ಧಪಡಿಸಿಕೊಳ್ಳಬೇಕು.

ಆಗಸ್ಟ್ 13, ಮಂಗಳವಾರ

ವರದಿಯನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಎಲ್ಲವೂ ಮೈದುನನ ಹೆಸರಿನಿಂದಲೇ ಆರಂಭವಾಗುತ್ತಿದ್ದವು.

ಆಗಸ್ಟ್ 14, ಬುಧವಾರ. ಕೊನೆಯ ಬೊಕ್

ಹಾಜರಿ: ಹೇಂಟೆಗಳು ಒಂಬತ್ತು, ಹುಂಜಗಳು ನಾಲ್ಕು.

ಹನ್ನೊಂದು ಗಂಟೆಗೆ ಗಿಲ್‌ನಾಮ್ ತನ್ನ ಟ್ರಕ್ಕಿನಲ್ಲಿ ಸುಂಚಾಂಗಮ್ಮನನ್ನು ಕರೆತಂದ. ಅವರು ಚಕ್ರದ ಊರುಗೋಲನ್ನು ಹಿಡಿದು, ಮನೆಯ ಬೀಗವನ್ನೂ ತೆಗೆಯದೆ ನೇರವಾಗಿ ಕೊಟ್ಟಿಗೆಗೆ ನಡೆದರು. ಮಾಲ್ಜಾ ಅವರ ಹಿಂದೆ, ಏಪ್ರನ್ನು ಕಟ್ಟಿಕೊಂಡೇ ಬಂದಿದ್ದಳು. ಗಿಲ್‌ನಾಮ್ ಎರಡೂ ಕೈಗಳಲ್ಲಿ ಅವರ ಬಟ್ಟೆಯ ಗಂಟುಗಳನ್ನು ಹಿಡಿದಿದ್ದ.

"ಯಜಮಾನ್ರೇ" ಎಂದು ಕರೆದರು ಸುಂಚಾಂಗಮ್ಮ. "ಮೈದುನಾ. ಅಂಚೆಯವ್ನೇ. ಕಿರಿಯಾ."

ಕಿರಿಯ ಇಡೀ ಕತ್ತನ್ನು ತಿರುಗಿಸಿ ನೋಡಿದ.

ಸುಂಚಾಂಗಮ್ಮ ಹತ್ತಿರ ಹೋದರು. ಹೊಸ ಮೊಣಕಾಲುಗಳನ್ನು ಮಡಚಲಾಗದೆ, ಬಾಗಿ, ಹಲಗೆಯ ಮೇಲೆ ಎರಡೂ ಕೈಗಳನ್ನೂರಿ ಅವನ ತಲೆಯನ್ನೇ ನೋಡುತ್ತಿದ್ದರು.

"ನಿದ್ದೆ ಮಾಡ್ತಿದಾನೆ ಅಂದ್ರಲ್ಲ ಟೀಚರಮ್ಮ."

"ಸುಳ್ಳು ಹೇಳಿದೆ."

"ಗೊತ್ತಿತ್ತು. ನಿಮ್ಗೆ ಸುಳ್ಳು ಹೇಳೋಕೆ ಬರಲ್ಲ. ಅಭ್ಯಾಸ ಇಲ್ಲ." ಅವರು ನೆಟ್ಟಗಾದರು. "ಹೇಳಿ. ಯಾರು ಮಾಡಿದ್ದು? ಮೈದುನಾ?"

ಮೈದುನ ತನ್ನ ಬಟ್ಟಲಿನ ಮುಂದೆ ನಿಂತು ರೆಕ್ಕೆಯನ್ನು ಕೊಕ್ಕಿನಿಂದ ನೇವರಿಸಿಕೊಳ್ಳುತ್ತಿದ್ದ. ಮಾಲ್ಜಾ ಕೊಟ್ಟಿಗೆಯ ಅಗುಳಿಗೆ ಕೈ ಹಾಕಿದ್ದಳು. ಊರಮನೆಯ ಹೊಗೆ ಅಲ್ಲಿಗೂ ಕಾಣುತ್ತಿತ್ತು.

"ನಾನು" ಎಂದೆ.

"ಏನು?"

"ಅವರು ಒಟ್ಟಿಗೆ ಇರಲು ಬಲ್ಲವರಾಗಿದ್ದರು. ನಾನು ನಡುವೆ ಹೋದೆ. ಒಬ್ಬೊಬ್ಬರನ್ನಾಗಿ ಎತ್ತಿ ಬೇರೆ ಇಟ್ಟೆ, ಮತ್ತೆ ತಂದು ಬಿಟ್ಟೆ. ಮರಳಿದವನಿಗೆ ಏನಾಗುತ್ತದೆಂದು ತಿರುಗಿ ನೋಡಲಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ತಿಳಿದಿದ್ದೆ. ತಪ್ಪು ನನ್ನದು. ಅವನಿಗೆ ಏನೂ ಮಾಡಬೇಡಿ."

ಸುಂಚಾಂಗಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಹಾಗಾದ್ರೆ ಇವತ್ತು ಹಂಡೆಗೆ ನಿಮ್ಮನ್ನೇ ಹಾಕ್ಬೇಕಾಯ್ತು" ಎಂದರು. "ಬೇಡ. ಮೂರು ದಿನ ಬೇಯಿಸಿದ್ರೂ ಹಲ್ಲಿಗೆ ಸಿಗಲ್ಲ ನೀವು. ಏ ಮಾಲ್ಜಾ, ಕೈ ತೆಗಿ ಅಲ್ಲಿಂದ. ಪೇಟೆಯಿಂದ ತಂದಿರೋ ಕೋಳಿ ಸಾಕು ಇವತ್ತಿಗೆ."

ಆಮೇಲೆ ಅವರು ನನ್ನ ತೋಳನ್ನು ಹಿಡಿದುಕೊಂಡು ಮನೆಯ ಕಡೆಗೆ ನಡೆದರು. ಊರುಗೋಲು ಅಲ್ಲಿಯೇ ಉಳಿಯಿತು.

ತಿರುಗಿ ನೋಡಿದಾಗ ಗಿಲ್‌ನಾಮ್ ಇನ್ನೂ ಕೊಟ್ಟಿಗೆಯ ಮುಂದೆಯೇ ನಿಂತಿದ್ದ, ಗಂಟುಗಳನ್ನು ಕೆಳಗಿಡುವುದನ್ನೂ ಮರೆತು, ನಮ್ಮ ಕಡೆಗೆ ಬೆನ್ನು ಹಾಕಿ. ಅವನ ಕಿವಿಗಳೆರಡೂ ಕೆಂಪಾಗಿದ್ದವು. ಬಿಸಿಲು ಬಹಳವಿತ್ತು. ನಾಳೆಯಿಂದ ಟೋಪಿ ಹಾಕಿಕೊಂಡು ಬಾ ಎಂದು ಕೂಗಿ ಹೇಳಿದೆ. ಇಂದು ಊರಮನೆಯಲ್ಲಿ ನನ್ನ ಪಕ್ಕದಲ್ಲಿ ಕೂತು ಉಣ್ಣಬೇಕೆಂದೂ ಹೇಳಿದೆ.

"ಎಲ್ರ ಜೊತೇಲಾ ಟೀಚರ್?" ಎಂದು ಕೇಳಿದ, ತಿರುಗದೆಯೇ.

"ಮತ್ತೆ ಇನ್ನೆಲ್ಲಿ?" ಎಂದೆ.